ಏಪ್ರಿಲ್–ಮೇ ಗೋವಾದಲ್ಲಿ ಗಾಳ: ಅಳಿವೆ, ಬಂಡೆ, ಬೀಚು, ದೋಣಿ – ಯಾವಾಗ ಯಾವುದು?

ಹೋಳಿ ಮುಗಿದ ಮೇಲೆ ಗೋವಾದ ಕಡಲಿಗೆ ದಿನಕ್ಕೆರಡು ಸ್ವಭಾವ. ಬೆಳಕು ಹರಿಯುವ ಮುಂಚೆ ನೆಲದ ಕಡೆಯಿಂದ ತೆಳು ಗಾಳಿ ಬರುತ್ತಿರುತ್ತದೆ, ನೀರು ಮಲಗಿರುತ್ತದೆ. ಹತ್ತು–ಹನ್ನೊಂದರ ಹೊತ್ತಿಗೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ. ಮಧ್ಯಾಹ್ನ ಮೂರಕ್ಕೆ ನೋಡಿದರೆ ವಾಯವ್ಯದ ಗಾಳಿಗೆ ಕಡಲ ಮೈಯೆಲ್ಲ ಬೆಳ್ಳನೆ ನೊರೆ. ನಿಧಾನ ಎದ್ದು, ತಿಂಡಿ ಮುಗಿಸಿ ರಾಡ್ ಹಿಡಿದು ಹೊರಡುವವರ ಪಾಲಿಗೆ ಬರುವುದು ಈ ಎರಡನೇ ಕಡಲು. ‘ಗೋವಾದಲ್ಲಿ ಮೀನೇ ಇಲ್ಲ ಮಾರಾಯ’ ಅನ್ನುವ ಮಾತು ಹುಟ್ಟುವುದು ಅಲ್ಲೇ.

ವಾಸ್ಕೊ, ಝುವಾರಿನಗರ, ವೆರ್ಣಾ ಕಡೆ ಕೆಲಸ ಮಾಡಿಕೊಂಡಿರುವ ನಮ್ಮವರು ಬಹಳ ಮಂದಿ. ಶನಿವಾರ ರಾತ್ರಿ ಬೆಳಗಾವಿ, ಹುಬ್ಬಳ್ಳಿಯಿಂದ ಚೋರ್ಲಾ ಘಾಟಿಯೋ ಅನಮೋಡ ಘಾಟಿಯೋ ಇಳಿದು ಬರುವವರೂ ಇದ್ದಾರೆ. ಎಲ್ಲರೂ ಕೇಳುವುದು ಒಂದೇ: ಗಾಳಕ್ಕೆ ಒಳ್ಳೇ ಜಾಗ ಯಾವುದು? ಜಾಗಕ್ಕಿಂತ ಮೊದಲು ತಾರೀಖು ನೋಡಬೇಕು, ಆಮೇಲೆ ತಿಥಿ. ಏಪ್ರಿಲ್ ಆಗಿದ್ದರೆ ಕಡಲ ಕಡೆ ಮುಖ ಮಾಡಬಹುದು. ಮೇ ಕಳೆಯುತ್ತ ಹೋದ ಹಾಗೆ ಹೊಳೆಯೊಳಕ್ಕೆ ಸರಿಯಬೇಕು. ನಾಲ್ಕು ಆಯ್ಕೆಗಳನ್ನೂ ನಾನು ಅಳೆಯುವುದು ಇದೊಂದೇ ಕೋಲಿನಿಂದ.

ಮೊದಲು ನೀರಿನ ಲೆಕ್ಕ

ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳೂ ಒಂದೇ ಎತ್ತರ ಇರುವುದಿಲ್ಲ, ಮತ್ತು ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ನೀರಿನ ಏರಿಳಿತ ನಾಲ್ಕು ಮೀಟರ್ ದಾಟುತ್ತದೆ. ಗೋವಾದಲ್ಲಿ ಅದು ಎರಡು ಮೀಟರಿನ ಆಸುಪಾಸು, ಕಾರವಾರದಂತೆಯೇ. ಹಾಗಾಗಿ ಮುಂಬಯಿಯವರ ವಿಡಿಯೊ ನೋಡಿ ಕಲಿತದ್ದು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಅಲ್ಲಿ ನೀರು ಇಳಿದರೆ ಕೆಸರು ಬಯಲೇ ಎದುರಿಗೆ ಬರುತ್ತದೆ, ಇಲ್ಲಿ ಹಲವು ಕಡೆ ಇಳಿತದಲ್ಲೂ ಗಾಳ ಮುಳುಗುವಷ್ಟು ನೀರಿರುತ್ತದೆ.

ಕೊಂಕಣ ತೀರದಲ್ಲಿ ಒಂದು ಹಳೇ ಲೆಕ್ಕವಿದೆ. ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರ ತುಂಬುವ ಗಂಟೆ ಸಿಗುತ್ತದೆ. ಪಂಚಮಿಗೆ ಮೂರೂ ಮುಕ್ಕಾಲು, ಅಷ್ಟಮಿಗೆ ಆರು, ಹುಣ್ಣಿಮೆ–ಅಮಾವಾಸ್ಯೆಗೆ ಹನ್ನೊಂದೂ ಕಾಲು. ಹಗಲಿಗೂ ಇದೇ, ರಾತ್ರಿಗೂ ಹೆಚ್ಚುಕಮ್ಮಿ ಇದೇ. ಅರ್ಧ–ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಹೊಳೆಯೊಳಗೆ ಹೋದಷ್ಟೂ ತಡವಾಗುತ್ತದೆ. ನಿಖರವಾಗಿ ಬೇಕಿದ್ದರೆ ಮುರಗಾಂವ್ ಬಂದರಿನ ಉಬ್ಬರದ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಆದರೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ಬರುವ ಭಾನುವಾರ ಹೇಗಿದೆ ಅಂತ ಕೂತಲ್ಲೇ ತಿಳಿಯಲು ಈ ಲೆಕ್ಕ ಸಾಕು.

ಇದರಿಂದ ಆಗುವ ಉಪಯೋಗ ಏನೆಂದರೆ, ಹುಣ್ಣಿಮೆ–ಅಮಾವಾಸ್ಯೆಯ ಸುತ್ತಲಿನ ದಿನಗಳಲ್ಲಿ ಬೆಳಗಿನ ಐದರ ಸುಮಾರಿಗೆ ನೀರು ಪೂರ್ತಿ ಇಳಿದಿರುತ್ತದೆ. ಬೆಳಕು ಹರಿಯುವಾಗ ಏರತೊಡಗಿ ಹನ್ನೊಂದರವರೆಗೂ ಏರುತ್ತದೆ. ಅಷ್ಟಮಿ–ನವಮಿಯ ಬೆಳಗು ಇದಕ್ಕೆ ತಿರುಗುಮುರುಗು: ಆರಕ್ಕೆಲ್ಲ ನೀರು ತುಂಬಿ ನಿಂತು, ಮುಂದೆ ಇಳಿಯುತ್ತ ಹೋಗುತ್ತದೆ. ಸೆಳೆತವೂ ಕಮ್ಮಿ, ನೀರೂ ತಿಳಿ. ಏರುವ ಬೆಳಗಿಗೆ ಒಂದು ಜಾಗ, ಇಳಿಯುವ ಬೆಳಗಿಗೆ ಇನ್ನೊಂದು.

ಶಾಖದ ಮಾತು ಒಂದೇ ಸಾಲಿನದು. ಈ ಎರಡು ತಿಂಗಳು ಮೇಲಿನ ನೀರು 30 ಡಿಗ್ರಿಯ ಆಸುಪಾಸು ಇರುತ್ತದೆ, ಬಿಸಿಲೇರಿದ ಮೇಲೆ ದಡದ ತೆಳು ನೀರಿನಲ್ಲಿ ದೊಡ್ಡ ಮೀನು ನಿಲ್ಲುವುದಿಲ್ಲ. ಮೇ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಆರು ದಾಟಿದ ತಕ್ಷಣ. ಐದೂವರೆಗೆ ದಾರ ನೀರಲ್ಲಿರಬೇಕು.

ಅಳಿವೆ, ಹೊಳೆ

ನನ್ನ ಓಟು ಇದಕ್ಕೆ, ಮೇ ತಿಂಗಳಲ್ಲಂತೂ ಇದಕ್ಕೇ. ಖಾನಾಪುರದ ಕಾಡಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡವಿ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಹೆಸರಿಗಷ್ಟೇ. ಹಾಗಾಗಿ ಮಾಂಡವಿಯಲ್ಲೂ ಝುವಾರಿಯಲ್ಲೂ ಉಪ್ಪುನೀರು ಹತ್ತಾರು ಕಿಲೋಮೀಟರ್ ಒಳಕ್ಕೆ ಏರುತ್ತದೆ. ನೀರಿನ ಜತೆ ಮೀನೂ ಏರುತ್ತದೆ. ಕಡಲ ಮೀನು ಹಿಡಿಯಲು ಕಡಲಿಗೇ ಹೋಗಬೇಕೆಂದಿಲ್ಲದ ಕಾಲ ಇದು. ಗಾಳಿಯ ಕಾಟವೂ ಇಲ್ಲಿ ಕಮ್ಮಿ: ಬೀಚಿನಲ್ಲಿ ದಾರ ಹಾರುವ ಮಧ್ಯಾಹ್ನದಲ್ಲೂ ಝುವಾರಿಯ ಒಳ ತಿರುವಿನಲ್ಲಿ ಕೂತು ಗಾಳ ಹಾಕಬಹುದು.

ಮುಖ್ಯ ಮೀನು ಚೊಣಕ, ಇಂಗ್ಲಿಷಿನ ಬಾರಾಮುಂಡಿ. ಎರಡನೆಯದು ತಾಂಬಸೊ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು ಮತ್ತು ಸೇತುವೆ ಕಂಬದ ಸಂದಿ ಬಿಟ್ಟು ಬರದ ಕೆಂಪು ಮೀನು. ಚೊಣಕ ಹರಿವಿಗೆ ಮುಖ ಮಾಡಿ ನಿಂತು, ನೀರು ತಂದುಕೊಡುವ ಸಿಗಡಿ, ಮರಿಮೀನು ತಿನ್ನುತ್ತದೆ. ಹಾಗಾಗಿ ಏರು ನೀರಿನ ಬೆಳಗಿಗೆ ಕಾಂಡ್ಲಾ ಅಂಚು, ಸಣ್ಣ ಕೊಲ್ಲಿಗಳು ಒಳ್ಳೆಯವು. ವಾಸ್ಕೊದವರಿಗೆ ಚಿಖಲಿ, ಸಾಂಕವಾಳ ಕಡೆಯ ದಂಡೆಯೇ ಹತ್ತಿರ. ನೀರು ಕೆಸರು ಬಯಲನ್ನು ಮುಚ್ಚುತ್ತ ಬಂದ ಹಾಗೆ ಮೀನು ಅದರ ಹಿಂದೆಯೇ ಬರುತ್ತದೆ. ಉಬ್ಬರದ ಕೊನೆಯ ಎರಡು ತಾಸು, ಇಳಿತದ ಮೊದಲ ತಾಸು ಬಿಡಬಾರದು. ಚಿಖಲಿಯ ಕೆಸರಿನಲ್ಲಿ ಚಪ್ಪಟೆ ಚಿಪ್ಪಿನ ದೊಡ್ಡ ಬೀಡೇ ಇದೆ. ಹಿಂದೆ ಗೋವಾದ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದ ಆ ತೆಳು ಚಿಪ್ಪು ಇದೇ ಜಾತಿಯದು. ಬರಿಗಾಲಲ್ಲಿ ಇಳಿದರೆ ಪಾದ ಕೊಯ್ಯುತ್ತದೆ.

ಅಷ್ಟಮಿ, ನವಮಿಯ ಇಳಿಯುವ ಬೆಳಗಿಗೆ ಎರಡು ಜಾಗ. ಒಂದು, ಸಣ್ಣ ಹಳ್ಳ ದೊಡ್ಡ ಹೊಳೆಗೆ ಕೂಡುವ ಬಾಯಿ. ಎರಡು, ಕುಟ್ಠಾಳಿ–ಆಗಶಿ ನಡುವಿನ ಆಳ ನೀರು. ಸೆಳೆತ ಕಮ್ಮಿ ಇರುವುದರಿಂದ ಸೀಸ ನೆಲಕ್ಕೆ ನಿಲ್ಲುತ್ತದೆ, ನೀರು ತಿಳಿಯಾಗಿರುವುದರಿಂದ ಕೃತಕ ಮೀನು ಎಸೆದರೂ ಕಾಣುತ್ತದೆ. ಇದೇ ಜಾಗಕ್ಕೆ ಹುಣ್ಣಿಮೆಯಂದು ಹೋದರೆ ನೂರು ಗ್ರಾಂ ಸೀಸವೂ ಉರುಳಿಕೊಂಡು ಹೋಗುತ್ತದೆ. ಪಣಜಿಯಿಂದ ರಾಯಬಂದರಿಗೆ ಹೋಗುವ ಪೋರ್ಚುಗೀಸರ ಕಾಲದ ಕಟ್ಟೆದಾರಿಯ ಪಕ್ಕ ಸಂಜೆ ಗಾಳ ಹಾಕುವವರನ್ನು ನೋಡಿ ಆಸೆಯಾಗಬಹುದು. ನೀರು ಚೆನ್ನಾಗಿದೆ, ನಿಜ. ಆದರೆ ಬೆನ್ನ ಹಿಂದೆ ಬಸ್ಸು ಹೋಗುವ ಜಾಗದಲ್ಲಿ ರಾಡ್ ಬೀಸುವುದು ನನಗೆ ಒಪ್ಪಿಗೆಯಾಗದ ಕೆಲಸ.

ಅಳಿವೆಯಲ್ಲಿ ಎರಡು ಎಚ್ಚರ. ಕುಮಟಾ ಕಡೆಯ ಗಜನಿಯಂಥದೇ ಉಪ್ಪುನೀರಿನ ಗದ್ದೆಗಳು ಇಲ್ಲೂ ಇವೆ, ಖಾಜಣ ಅನ್ನುತ್ತಾರೆ. ಅವುಗಳ ಕಟ್ಟೆಗೆ ಮರದ ಬಾಗಿಲಿನ ತೂಬು ಇರುತ್ತದೆ; ಇಳಿತದಲ್ಲಿ ತೆರೆದು, ಉಬ್ಬರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ತೂಬಿನ ಬಾಯಲ್ಲಿ ಮೀನು ಗಿಜಿಗುಡುತ್ತದೆ, ನೋಡಿದರೆ ಕೈ ತುರಿಸುತ್ತದೆ. ಆದರೆ ಅಲ್ಲಿನ ಮೀನಿನ ಹಕ್ಕು ಊರವರು ಹರಾಜು ಹಾಕಿ ಕೊಟ್ಟಿರುತ್ತಾರೆ. ಕೇಳದೆ ಗಾಳ ಹಾಕಿದರೆ ಜಗಳ ಖಂಡಿತ, ಮತ್ತು ತಪ್ಪು ನಿಮ್ಮದೇ. ಎರಡನೆಯದು, ಮಾಂಡವಿ ಮತ್ತು ಝುವಾರಿಯನ್ನು ಕೂಡಿಸುವ ಕುಂಭಾರಜುವೆ ಕಾಲುವೆ. ಅದರಲ್ಲಿ ಮೊಸಳೆಗಳಿವೆ. ಪ್ರವಾಸಿಗಳನ್ನು ದೋಣಿಯಲ್ಲಿ ಕೂರಿಸಿ ತೋರಿಸುವಷ್ಟು ಇವೆ. ಆ ಕಡೆ ಮೊಣಕಾಲು ನೀರಿನಲ್ಲಿ ನಿಂತು ಗಾಳ ಹಾಕುವ ಉಸಾಬರಿ ಬೇಡ.

ಚೊಣಕದ ಬಗ್ಗೆ ಇನ್ನೊಂದು ಮಾತು. ಈ ಮೀನು ಚಿಕ್ಕ ವಯಸ್ಸಿನಲ್ಲಿ ಗಂಡು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣು. ತುಂಬಾ ದೊಡ್ಡದು ಸಿಕ್ಕಿತೆಂದರೆ ಅದು ಬಹುಮಟ್ಟಿಗೆ ಮೊಟ್ಟೆ ಇಡುವ ಹೆಣ್ಣೇ, ಮಳೆ ಹತ್ತಿರವಾದಾಗ ಅಳಿವೆಯ ಬಾಯಿಗೆ ಇಳಿಯುವುದೂ ಅದಕ್ಕಾಗಿಯೇ. ಎರಡು–ಮೂರು ಕಿಲೋದ ಮೀನು ಮನೆಗೆ ಧಾರಾಳವಾಯಿತು. ಅದಕ್ಕಿಂತ ಬಹಳ ದೊಡ್ಡದನ್ನು ಫೋಟೊ ತೆಗೆದು ಬಿಡಿ ಅಂದರೆ ನಗುವವರಿದ್ದಾರೆ, ನಗಲಿ.

ಬಂಡೆ

ಏಪ್ರಿಲ್‌ನ ತಿಳಿ ನೀರಿಗೆ ಬಂಡೆಯಷ್ಟು ಮಜಾ ಬೇರೆಲ್ಲೂ ಇಲ್ಲ. ಬೊಗ್ಮಾಳೊ, ಹೊಳಾಂತ್, ಡೋನಾ ಪಾವ್ಲಾದ ಸುತ್ತಮುತ್ತ, ದಕ್ಷಿಣದಲ್ಲಿ ಕಾಬ್ ದ ರಾಮ್, ಉತ್ತರದಲ್ಲಿ ಹಣಜೂಣ–ವಾಗಾತೋರ್. ಇಲ್ಲಿ ಸಿಗುವುದು ನಾವು ಮುರು ಅನ್ನುವ, ಇಲ್ಲಿಯವರು ಗೋಬ್ರೊ ಅನ್ನುವ ಮೀನು, ತಾಂಬಸೊ, ಅದೃಷ್ಟವಿದ್ದರೆ ಮರಿಮೀನಿನ ಹಿಂಡು ಅಟ್ಟಿಸಿಕೊಂಡು ಬರುವ ದೊಡ್ಡ ಬೇಟೆಗಾರ ಮೀನುಗಳು. ಗೋಬ್ರೊ ಗಾಳ ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುತ್ತದೆ. ಮೊದಲ ಎರಡು ಸೆಕೆಂಡಿನಲ್ಲಿ ಎತ್ತದಿದ್ದರೆ ಮೀನೂ ಇಲ್ಲ, ಗಾಳವೂ ಇಲ್ಲ. ಅಳಿವೆಗೆ ಹೋಲಿಸಿದರೆ ಖರ್ಚು ಇಲ್ಲೇ ಜಾಸ್ತಿ, ಕಲ್ಲು ತಿನ್ನುವ ಸೀಸಕ್ಕೆ ಲೆಕ್ಕವಿಲ್ಲ.

ವಾಸ್ಕೊ ಸುತ್ತ ಬಂದರಿನ ಬೇಲಿ, ನೌಕಾಪಡೆಯ ಜಾಗ ಎಲ್ಲಿಂದ ಶುರು ಅಂತ ಮೊದಲೇ ಸ್ಥಳೀಯರನ್ನು ಕೇಳಿಕೊಳ್ಳಿ. ಫಲಕ ಕಾಣಲಿಲ್ಲ ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ.

ಬಂಡೆಯ ನಿಜವಾದ ಅಪಾಯ ಗಾಳಿಯಿಂದಲ್ಲ, ಗಾಳಿ ಇಲ್ಲದ ದಿನ ಬರುವ ಅಲೆಯಿಂದ. ಏಪ್ರಿಲ್, ಮೇಯಲ್ಲಿ ದಕ್ಷಿಣದ ದೂರ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ನಮ್ಮ ಪಶ್ಚಿಮ ತೀರಕ್ಕೆ ಬರುತ್ತವೆ. ಆಕಾಶ ನೀಲಿ, ಎಲೆ ಅಲ್ಲಾಡುವುದಿಲ್ಲ. ಹತ್ತು ನಿಮಿಷ ಸುಮ್ಮನಿದ್ದ ಕಡಲು ಇದ್ದಕ್ಕಿದ್ದಂತೆ ನಾಲ್ಕು ದೊಡ್ಡ ಅಲೆ ಕಳಿಸುತ್ತದೆ. ಪರೀಕ್ಷೆ ಸುಲಭ. ಒಂದು ಅಲೆ ಒಡೆದು ಇನ್ನೊಂದು ಒಡೆಯುವವರೆಗೆ ಎಣಿಸಿ. ಐದಾರು ಸೆಕೆಂಡಾದರೆ ಇಲ್ಲಿನ ಗಾಳಿಯ ಅಲೆ, ಕಣ್ಣಿಗೆ ಕಂಡಷ್ಟೇ ಎತ್ತರ. ಹದಿನಾಲ್ಕು–ಹದಿನೈದು ದಾಟಿತೋ, ಅದು ದೂರದಿಂದ ಬಂದದ್ದು, ಬಂಡೆಗೆ ತಾಗಿದಾಗ ಕಂಡದ್ದಕ್ಕಿಂತ ಬಹಳ ಮೇಲೇರುತ್ತದೆ. ಅಂಥ ದಿನ ರಾಡ್ ಬಿಚ್ಚುವುದೇ ಬೇಡ. ಬೇರೆ ದಿನಗಳಲ್ಲೂ ಇಳಿಯುವ ಮೊದಲು ಇಪ್ಪತ್ತು ನಿಮಿಷ ಮೇಲೆ ನಿಂತು ನೋಡಿ, ಒದ್ದೆ ಬಂಡೆಯ ಗೆರೆಗಿಂತ ಮೇಲೆ ನಿಲ್ಲಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆಯನ್ನೂ ದೊಡ್ಡ ಅಲೆಯ ಎಚ್ಚರಿಕೆಯನ್ನೂ ಕೊಡುತ್ತದೆ. ಹವಾಮಾನ ಆ್ಯಪ್‌ನಲ್ಲಿ ಗಾಳಿಯನ್ನಷ್ಟೇ ನೋಡಿ ಹೊರಡುವವರು ಇದನ್ನೂ ಒಮ್ಮೆ ನೋಡಲಿ.

ಮೇ ಹದಿನೈದರ ನಂತರ ಬಂಡೆ ಪೂರ್ತಿ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಅರಬ್ಬಿ ಸಮುದ್ರದ ಮುಂಗಾರುಪೂರ್ವ ಚಂಡಮಾರುತಗಳ ಕಾಲ ಅದು. 2021ರಲ್ಲಿ ತೌಕ್ತೆ ಗೋವಾದ ಮಗ್ಗುಲಲ್ಲಿ ಹಾದುಹೋದದ್ದು ಮೇ 16ರಂದು; ಅದು ನೆಲಕ್ಕೆ ಬಡಿದದ್ದು ದೂರದ ಗುಜರಾತಿನಲ್ಲಿ, ಆದರೂ ಇಲ್ಲಿ ಮರ ಉರುಳಿ, ಕರೆಂಟು ಹೋಗಿ ಜನ ಒದ್ದಾಡಿದರು.

ಬೀಚು

ಹೆಂಡತಿ ಮಕ್ಕಳ ಜತೆ ಬಂದವರಿಗೆ ಬೀಚು ಸರಿ. ಮೀನಿನ ಆಸೆಯಿಂದಲೇ ಬಂದವರಿಗೆ ಅಷ್ಟಕ್ಕಷ್ಟೇ. ವೆಲ್ಸಾಂವ್‌ನಿಂದ ಮೊಬೋರ್‌ವರೆಗೆ ಒಂದೇ ಉದ್ದನೆಯ ಮರಳು, ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಇಲ್ಲಿ ಹುಡುಕಬೇಕಾದ್ದು ಕಾಣೆ ಮೀನು, ಇಲ್ಲಿಯವರ ಮುಡ್ಡೊಶಿ. ಅದಕ್ಕೆ ದೊಡ್ಡ ಗಾಳ, ದಪ್ಪ ದಾರ ಬೇಡ. ಸಣ್ಣ ಗಾಳ, ತೆಳು ದಾರ, ಸಿಗಡಿಯ ಚೂರು ಅಥವಾ ಬೆಳಚು ಚಿಪ್ಪಿನ ಮಾಂಸ ಸಾಕು. ತುಂಬ ದೂರ ಎಸೆಯುವ ಹಟವೂ ಬೇಡ; ಅಲೆ ಒಡೆಯುವ ದಿಬ್ಬಕ್ಕೂ ದಡಕ್ಕೂ ನಡುವಿನ ತಗ್ಗಿನಲ್ಲೇ ಕಾಣೆ ಮೇಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮುಗಿಸಿ. ಆಮೇಲೆ ಗಾಳಿ, ಬಿಸಿಲು, ಜಲಕ್ರೀಡೆಯ ದೋಣಿ, ಈಜುವ ಪ್ರವಾಸಿಗಳು. ಈಜುವವರ ನಡುವೆ ಗಾಳ ಬೀಸುವುದು ಹುಚ್ಚುತನ.

ಅಲೆಯ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೊರೆ ಇಲ್ಲದೆ ನೀರು ಕಪ್ಪಗೆ ಹಿಂದಕ್ಕೆ ಹೋಗುತ್ತಿದ್ದರೆ ಅದು ಸೆಳವು. ಮೀನು ಅದರ ಅಂಚಿನಲ್ಲಿ ಇರುತ್ತದೆ, ನೀವು ಮರಳಿನ ಮೇಲೇ ಇರಬೇಕು. ಗಾಲ್ಜಿಬಾಗ, ಆಗೊಂದ, ಮೊರ್ಜಿಯಲ್ಲಿ ಕಡಲಾಮೆ ಮೊಟ್ಟೆ ಇಡುವ ಭಾಗಗಳಿವೆ. ಏಪ್ರಿಲ್‌ನಲ್ಲೂ ಮರಿ ಹೊರಡುತ್ತಿರುತ್ತವೆ, ರಾತ್ರಿ ಟಾರ್ಚು ಹಿಡಿದು ಅಲ್ಲಿ ಗಾಳಕ್ಕೆ ಹೋಗಲೇಬಾರದು.

ದೋಣಿ

ಇಸ್ವಣ, ಅಂದರೆ ಮಂಗಳೂರಿನವರ ಅಂಜಲ್, ಬೇಕೆಂದರೆ ದೋಣಿ ಬೇಕು. ಏಪ್ರಿಲ್‌ನ ಬೆಳಗು ಇದಕ್ಕೆ ಒಳ್ಳೇ ಹೊತ್ತು: ಐದೂವರೆಗೆ ಹೊರಟು ಹತ್ತರೊಳಗೆ ವಾಪಸು. ವಾಸ್ಕೊ–ಬೊಗ್ಮಾಳೊ ಕಡೆಯಿಂದ ಹೋದರೆ ಗ್ರಾಂಡೆ ದ್ವೀಪದ ಸುತ್ತ ಬಂಡೆ ನೆಲವಿದೆ, ಮುಳುಗಿದ ಹಡಗಿನ ಅವಶೇಷವಿದೆ, ಆದ್ದರಿಂದ ಮೀನೂ ಇದೆ. ಮುಳುಗುಗಾರರ ದೋಣಿಗಳೂ ಅಲ್ಲೇ ಲಂಗರು ಹಾಕುವುದರಿಂದ ದೂರ ಕಾಯ್ದುಕೊಳ್ಳಬೇಕು. ದಕ್ಷಿಣದಲ್ಲಿ ಬೆತುಲ್‌ನಿಂದ ಹೊರಟರೆ ಜನಜಂಗುಳಿ ಕಮ್ಮಿ. ಆದರೆ ಸಾಳ ನದಿಯ ಬಾಯಲ್ಲಿ ಮರಳು ದಿಬ್ಬ ಬೆಳೆದಿದೆ, ಇಳಿತದಲ್ಲಿ ದಾಟುವುದು ಕಷ್ಟ, ಅಲೆ ಇದ್ದರೆ ಅಪಾಯ. ಹುಣ್ಣಿಮೆಯ ಬೆಳಗು ಐದಕ್ಕೆ ಅಲ್ಲಿಂದ ಹೊರಡುವ ಯೋಜನೆ ಹಾಕಿದರೆ ದೋಣಿ ನಡೆಸುವ ತಾಂಡೇಲನೇ ‘ನೀರು ಬರಲಿ, ಕೂತ್ಕೊಳ್ಳಿ’ ಅನ್ನುತ್ತಾನೆ. ವಾಸ್ಕೊ ಬದಿಗೆ ಈ ತಕರಾರಿಲ್ಲ. ಹೊಸಬರಿಗೆ ನಾನು ಹೇಳುವುದು ಆ ಕಡೆಯೇ.

ದುಡ್ಡು ಮಾತಾಡುವಾಗ ನಾಲ್ಕು ವಿಷಯ ಒಟ್ಟಿಗೇ ತೀರ್ಮಾನಿಸಿ: ಎಷ್ಟು ತಾಸು, ಡೀಸೆಲ್ ಸೇರಿಸಿಯೋ ಬಿಟ್ಟೋ, ಸಿಕ್ಕ ಮೀನು ಯಾರದು, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೋ. ಕೊನೆಯದಕ್ಕೆ ‘ಇದೆ’ ಅಂದರೆ ಸಾಲದು, ಕಣ್ಣಿಂದ ನೋಡಬೇಕು. ಕಡಲಲ್ಲಿ ತೊಂದರೆಯಾದರೆ ಕರಾವಳಿ ರಕ್ಷಣಾ ಪಡೆಯ ನಂಬರು 1554. ಹೋಗುವ ಮುಂಚೆ ದಡದಲ್ಲಿರುವ ಒಬ್ಬರಿಗಾದರೂ ವಾಪಸು ಬರುವ ಹೊತ್ತು ಹೇಳಿಡಿ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ತೀರದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದಡದಲ್ಲಿ ಕೂತು ಹಾಕುವ ಗಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ‘ಮೇ 31ರವರೆಗೆ ಅವಕಾಶ ಇದೆಯಲ್ಲ’ ಅಂತ ಕೊನೇ ವಾರಕ್ಕೆ ದೋಣಿ ಗೊತ್ತು ಮಾಡುವುದು ಜಾಣತನವಲ್ಲ. ಕಾನೂನಿನ ತಾರೀಖಿಗಿಂತ ಕಡಲು ಮೊದಲೇ ಕೆಡುತ್ತದೆ. ದೋಣಿಯ ಆಸೆ ಇದ್ದರೆ ಮೇ ಮೊದಲ ವಾರದೊಳಗೆ ತೀರಿಸಿಕೊಳ್ಳಿ.

ಒಂದೇ ರಾಡ್ ಕೊಳ್ಳುವುದಾದರೆ

ಅಳಿವೆಗೂ ಬಂಡೆಗೂ ಆಗುವಂಥದು ಎಂಟು–ಒಂಬತ್ತು ಅಡಿಯ, ಹತ್ತರಿಂದ ಮೂವತ್ತು–ನಲವತ್ತು ಗ್ರಾಂ ಎಸೆಯುವ ರಾಡ್. ಬೀಚಿಗೆ ಹನ್ನೆರಡು ಅಡಿಯದು ಒಳ್ಳೆಯದು, ಆದರೆ ಕಾಂಡ್ಲಾ ಕೆಳಗೆ ಅದನ್ನು ಹಿಡಿದು ತಿರುಗಲಿಕ್ಕೂ ಆಗುವುದಿಲ್ಲ. ರೀಲಿಗೆ ಇಪ್ಪತ್ತರಿಂದ ಮೂವತ್ತು ಪೌಂಡಿನ ಹೆಣೆದ ದಾರ, ಅದರ ತುದಿಗೆ ಒಂದು ಮಾರುದ್ದ ದಪ್ಪ ತಂಗೂಸಿ. ಚೊಣಕದ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ, ತೆಳು ದಾರ ನಿಲ್ಲುವುದಿಲ್ಲ. ಜೀವಂತ ಸಿಗಡಿ ಸಿಕ್ಕರೆ ಅದಕ್ಕಿಂತ ಮೇಲಾದ ಎರೆ ಇಲ್ಲ, ಆದರೆ ಈ ಸೆಕೆಯಲ್ಲಿ ಬಕೆಟ್ ನೀರು ಬೇಗ ಕಾದು ಸಿಗಡಿ ಸಾಯುತ್ತದೆ. ನೆರಳಲ್ಲಿಡಿ, ಆಗಾಗ ನೀರು ಬದಲಿಸಿ. ಎರಡನೇ ರಾಡಿಗೆ ಖರ್ಚು ಮಾಡುವ ಬದಲು ಜಾರದ ಅಡಿಯಿರುವ ಚಪ್ಪಲಿಗೆ ಖರ್ಚು ಮಾಡಿ.

ಏನೇನೋ ಬಂದು ಗಾಳ ಕಚ್ಚುತ್ತದೆ, ಅದೂ ಗೊತ್ತಿರಲಿ. ಶೇಡೆ ಮೀನಿನ ಬೆನ್ನು ಮತ್ತು ಎರಡು ಪಕ್ಕದ ಮುಳ್ಳು ಚುಚ್ಚಿದರೆ ಕೈ ಮೊಣಕೈವರೆಗೆ ಉರಿಯುತ್ತದೆ. ತೊರಕೆಯ ಬಾಲದ ಮುಳ್ಳು ಇನ್ನೂ ಕೆಟ್ಟದ್ದು. ದಾರ ಕತ್ತರಿಸಿ ಬಿಟ್ಟರೆ ಒಂದು ಗಾಳ ಹೋಯಿತು, ಅಷ್ಟೇ. ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿ ನೀರಿನಲ್ಲಿ ಆ ಭಾಗ ಮುಳುಗಿಸಿಟ್ಟುಕೊಂಡರೆ ನೋವು ಇಳಿಯುತ್ತದೆ, ಆಮೇಲೆ ಡಾಕ್ಟರ ಬಳಿ ಹೋಗಿ. ಹೊಟ್ಟೆ ಉಬ್ಬಿಸಿಕೊಂಡು ಚೆಂಡಾಗುವ ಮೀನು ವಿಷದ್ದು, ಮಕ್ಕಳ ಆಟಕ್ಕೂ ಬೇಡ, ನಾಯಿಗೂ ಹಾಕಬೇಡಿ.

ಐಸು ತರದೆ ಬರುವವರು ಗೋವಾಕ್ಕೆ ಬರುವುದು ಮೀನು ಹಾಳು ಮಾಡಲಿಕ್ಕೆ. ಇಸ್ವಣ, ಬಂಗುಡೆ ಜಾತಿಯ ಮೀನು ಬಿಸಿಲಲ್ಲಿ ಒಂದೆರಡು ತಾಸು ಬಿದ್ದರೆ ಅದರಲ್ಲಿ ಹುಟ್ಟುವ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಹಿಡಿದ ಕೂಡಲೇ ಹೊಟ್ಟೆ ಸೀಳಿ, ಕರಗುವ ಐಸಿನಲ್ಲಿ ಹೂತಿಡಿ. ಬೆಳಗಾವಿವರೆಗೆ ಒಯ್ಯುವವರು ಘಾಟಿ ಏರುವ ಮುಂಚೆ ಡಬ್ಬಿಯ ನೀರು ಬಸಿದು ಹೊಸ ಐಸು ತುಂಬಿಸಿಕೊಳ್ಳಿ.

ಜೂನ್ ಮೊದಲ ವಾರ, ಕೆಲವು ವರ್ಷ ಅದಕ್ಕೂ ಮೊದಲು, ಮಳೆ ಹಿಡಿದ ಮೇಲೆ ಮೇಲಿನ ಲೆಕ್ಕವೆಲ್ಲ ಬದಲು. ಹೊಳೆಗಳು ಕೆಂಪಗೆ ಇಳಿಯುತ್ತವೆ, ಉಪ್ಪುನೀರು ಬಾಯಿಯ ಕಡೆ ತಳ್ಳಿಕೊಂಡು ಬರುತ್ತದೆ, ಬೋರಿ ಸೇತುವೆ ಹತ್ತಿರ ಮೇಯುತ್ತಿದ್ದ ಮೀನು ಕೆಳಗೆ ಸರಿಯುತ್ತದೆ. ಆಗ ನೋಡಬೇಕಾದ್ದು ಕೆಂಪು ನೀರು ಮುಗಿದು ಹಸಿರು ನೀರು ಶುರುವಾಗುವ ಗೆರೆ. ಚಿಖಲಿಯಿಂದ ಕಾಣುವಷ್ಟು ಹತ್ತಿರಕ್ಕೆ ಆ ಗೆರೆ ಬಂದ ದಿನ ಉಬ್ಬರದ ಹೊತ್ತಿಗೆ ದಡದಿಂದಲೇ, ಕೆಂಪು ನೀರಿನ ಬದಿಗಲ್ಲ, ಹಸಿರಿನ ಅಂಚಿಗೆ ಎಸೆಯಿರಿ.